ಅಂಬ್ರಪ್ಪ ನುಂಗಿದ ಉಪ್ಪಿಟ್ಟು

ಮಿರ್ಚಿ ಭಜಿ ಅಗಿಯುತ್ತಲೇ ಸಾಹೇಬರನ್ನು ಬೈಯಲು ಹೋಗಿ, ಅದು ಗಂಟಲಲ್ಲಿ ಸಿಕ್ಕಿಕೊಂಡು ಅಂಬ್ರಪ್ಪನ ಜೀವ ಹೋಗಿ ಬಂದಿತ್ತು. ಭೀಮರಾಯನಗುಡಿಯ ನೀರಾವರಿ ಆಫೀಸಿನ ಈ ಗುಮಾಸ್ತನಿಗೆ ಆಮೇಲೆ ಸರಿಯಾಗಿ ನುಂಗಲೆಂದು ಬಾಯಿ, ನಾಲಿಗೆಯ ಕಸರತ್ತು ಕಲಿಸಿದ ಥೆರಪಿಸ್ಟ್ ಪಂಚಶೀಲಾ ಖಡಕ್ಕಾಗಿ ಹೇಳಿದ್ದರು: "ಸಣ್ಣ ತುತ್ತು ತಗೋರಿ. ಗದ್ದ ಎದಿಗೆ ಹಚ್ಚಿ ನುಂಗ್ರಿ. ಬಾಯಾಗ ತುತ್ತಿದ್ದಾಗ ಮಾತ್ರ ಮಾತಾಡಬ್ಯಾಡ್ರಿ."

ರವಿವಾರ ಮುಂಜಾನೆ ರೊಟ್ಟಿ ತಿನ್ನುತ್ತ ಕೂತಿದ್ದಾಗ ಪಕ್ಕದ ಮನೆಯ ಮಲ್ಲಾಬಾಯಿ ಬಂದಳು.

"ಅಣ್ಣಾ, ನಮ್ಮ ಮಗ ಬಸವಂತಗ ಹೆಣ್ಣ ನೋಡಾಕ ಸುರಪುರಕ್ಕ ಹೊಂಟೀವಿ. ಹಿರೇರಂತ ನೀವೂ ಬರ್ತೀರಲ್ಲ?"

ಮಧ್ಯಾಹ್ನದ ನಿದ್ದೆ ಬಿಟ್ಟು ಕದಲುವ ಮನಸ್ಸು ಅಂಬ್ರಪ್ಪನಿಗೆ ಇರಲಿಲ್ಲ. ಆದರೆ ಬಾಯಲ್ಲಿ ತುತ್ತಿತ್ತು. ಗದ್ದ ಎದೆಗೆ ಹೋಯಿತು.

"ಒಪ್ಪಿದ್ರಲ್ಲ, ಅಷ್ಟ ಸಾಕು" ಎಂದು ಆಕೆ ಹೋಗಿಯೇ ಬಿಟ್ಟಳು.

ಬಸ್ಸಿನಲ್ಲಿ ಬಾಳೆಹಣ್ಣು ನುಂಗುವಾಗ ಪಕ್ಕದಲ್ಲಿ ನಿಂತಿದ್ದ ಮುದುಕಿ ಕೇಳಿದಳು: "ಇಲ್ಲೇ ಇಳಿತೀರೇನ್ರಿ?" ಗದ್ದ ಮತ್ತೆ ಇಳಿಯಿತು. ಮುದುಕಿ ಅವನನ್ನು ಎಬ್ಬಿಸಿ ಕೂತಳು. ಅಂಬ್ರಪ್ಪ ಸುರಪುರದವರೆಗೂ ಬಾವಲಿಯಂತೆ ಜೋತುಬಿದ್ದು ಬಂದ.

ಹೆಣ್ಣಿನ ಮನೆಯಲ್ಲಿ ಉಪ್ಪಿಟ್ಟು ಬಂತು. ಬಸವಂತ ಮೈ ತೊಳೆದ ಎತ್ತಿನಂತೆ ಸಾಧುವಾಗಿ ಕೂತಿದ್ದ. ಹುಡುಗಿಯ ಅಪ್ಪ ಭಗವಂತರಾಯ ಅಂಬ್ರಪ್ಪನ ಕಡೆ ತಿರುಗಿದ.

"ನೀವು ಬಾಜೂ ಮನಿಯವ್ರು. ಖರೇ ಹೇಳ್ರಿ, ಹುಡುಗ ಕುಡಿತಾನೇನು?"

ಬಸವಂತ ಅಡಿಕೆ ಚೂರು ಬಾಯಿಗೆ ಹಾಕಿದ್ದನ್ನೂ ಅಂಬ್ರಪ್ಪ ಕಂಡವನಲ್ಲ. ಆದರೆ ಉಪ್ಪಿಟ್ಟು ಆಗಲೇ ಗಂಟಲಿಗೆ ಹೊರಟಿತ್ತು. ಬಾಯಿ ತೆರೆದರೆ ಪ್ರಾಣಕ್ಕೇ ಕುತ್ತು. ಗದ್ದ ಎದೆಗೆ ಅಂಟಿತು.

ಭಗವಂತರಾಯ ತನ್ನ ತಟ್ಟೆ ಕೆಳಗಿಟ್ಟ.

"ಇಲ್ರಿ, ಇಲ್ರಿ, ನಾ ನುಂಗಾಕತ್ತಿದ್ನಿ. ಬಂಗಾರದಂಥ ಹುಡುಗ..." ಎಂದು ಅಂಬ್ರಪ್ಪ ತೊದಲುವಷ್ಟರಲ್ಲಿ ಬಸವಂತ ಎದ್ದು ಕೈ ಮುಗಿದ.

"ಕಾಕಾ, ಮುಚ್ಚಬ್ಯಾಡ್ರಿ. ನೀವು ನೋಡೇ ಬಿಟ್ಟೀರಿ ಅಂದಮ್ಯಾಗ ಇನ್ನೇನೈತಿ. ಹೌದ್ರಿ ಮಾವಾರ, ಊರ ಹೊರಗ ದೋಸ್ತರ ಜೋಡಿ ದಿನಾ ಸಂಜೀಕ ತಗೋತೀನಿ."

ಮಲ್ಲಾಬಾಯಿಯ ಕೈಯಿಂದ ತಟ್ಟೆ ಜಾರಿತು. ಭಗವಂತರಾಯ ಮಾತ್ರ ಅಂಬ್ರಪ್ಪನ ಕೈ ಹಿಡಿದು, "ನಿಮ್ಮಂಥ ಖರೇ ಮನುಷ್ಯಾರು ಈಗ ಎಲ್ಲಿ ಸಿಗ್ತಾರ್ರಿ" ಎಂದು ಇನ್ನೊಂದು ತಟ್ಟೆ ಉಪ್ಪಿಟ್ಟು ತರಿಸಿದ.

ಬಸ್ ಸ್ಟ್ಯಾಂಡಿನವರೆಗೂ ಮಲ್ಲಾಬಾಯಿ ಬಿರಬಿರನೆ ಮುಂದೆ ನಡೆದಳು. ಆಮೇಲೆ ಗಕ್ಕನೆ ನಿಂತಳು.

"ಗೊತ್ತಿದ್ರ ಗೊತ್ತಿರ್ಲಿ. ಹಿರೇ ಮನುಷ್ಯಾರು, ನುಂಗ್ಕೊಂಡು ಸುಮ್ನ ಕುಂದ್ರಾಕ ಏನಾಗಿತ್ತು ನಿಮಗ?"

"ತಂಗೀ," ಎಂದ ಅಂಬ್ರಪ್ಪ, "ನಾ ಮಾಡಿದ್ದು ಅದೊಂದ."