ಕಾಡು ಬಾತುಕೋಳಿಯ ಬೆನ್ನು ಹತ್ತಿದ ಮೇಷ್ಟ್ರು

ಇಂಗ್ಲಿಷ್ ಮೇಷ್ಟ್ರ ಗ್ರಹಚಾರ ಪಾಠಪುಸ್ತಕದ ಅರವತ್ತನೇ ಪುಟದಲ್ಲಿ 'ವೈಲ್ಡ್ ಗೂಸ್ ಚೇಸ್' ಎಂಬ ಹೆಸರಿನಲ್ಲಿ ಕೂತಿತ್ತು. ಅರ್ಥ ಹೇಳಿ ಸ್ವಂತ ವಾಕ್ಯದಲ್ಲಿ ಬಳಸಬೇಕಂತೆ. ವೈಲ್ಡ್ ಎಂದರೆ ಕಾಡು, ಗೂಸ್ ಎಂದರೆ ಬಾತುಕೋಳಿ, ಚೇಸ್ ಎಂದರೆ ಅಟ್ಟಿಸಿಕೊಂಡು ಹೋಗುವುದು. ಅಷ್ಟು ಮೇಷ್ಟ್ರಿಗೂ ಗೊತ್ತಿತ್ತು. ಮೂರೂ ಸೇರಿದರೆ ಏನಾಗುತ್ತದೆ ಎಂಬುದು ಮಾತ್ರ ಆರು ವರ್ಷದ ಟೆಂಪರರಿ ಸರ್ವೀಸಿನಲ್ಲಿ ಹೊಳೆದಿರಲಿಲ್ಲ. ಪ್ರತಿ ವರ್ಷ "ಇದನ್ನ ಮನೇಲಿ ಓದ್ಕೊಳ್ಳಿ" ಎಂದು ಪುಟ ಹಾರಿಸಿಬಿಡುತ್ತಿದ್ದರು.

ಇವತ್ತು ಹಾರಿಸುವಂತಿರಲಿಲ್ಲ. "ಮೂರನೇ ಪೀರಿಯಡ್‌ಗೆ ಮೇಲಿನ ಆಫೀಸಿಂದ ಒಬ್ರು ಬಂದು ನಿಮ್ಮ ಕ್ಲಾಸಲ್ಲಿ ಕೂರ್ತಾರೆ" ಎಂದಿದ್ದ ಹೆಡ್‌ಮಾಸ್ಟರು ಮುಂದೆ ಮಾತಿಗೆ ಸಿಗದೆ ಜಾರಿಕೊಂಡಿದ್ದರು. ಇನ್‌ಸ್ಪೆಕ್ಟರೇ ಇರಬೇಕು ಎಂದು ಸ್ಟಾಫ್ ರೂಮು ಒಕ್ಕೊರಲಿನಿಂದ ತೀರ್ಮಾನಿಸಿತು. ಅವರು ಮೆಚ್ಚಿದರೆ ಕೆಲಸ ಖಾಯಂ. ಆ ಸುದ್ದಿಗಾಗಿ ಮನೆಯಲ್ಲಿ ಹೆಂಡತಿ ಆರು ವರ್ಷದಿಂದ ಕಾಯುತ್ತಿದ್ದಳು.

ಮೊಬೈಲು ಶಾಲೆಯ ನಿಯಮದಂತೆ ಹೆಡ್‌ಮಾಸ್ಟರ ಬೀರುವಿನಲ್ಲಿತ್ತು. ಯಾರನ್ನಾದರೂ ಕೇಳೋಣವೆಂದರೆ, ಮೇಷ್ಟ್ರಾದವರು ಗೊತ್ತಿಲ್ಲ ಎನ್ನುವುದುಂಟೇ? ಗಣಿತದ ಮೇಡಂ ಮುಂದೆ ನಿಂತು, "ಸುಮ್ನೆ ಟೆಸ್ಟ್ ಮಾಡ್ತಿದೀನಿ ಮೇಡಂ, ವೈಲ್ಡ್ ಗೂಸ್ ಚೇಸ್ ಅಂದ್ರೇನು ಹೇಳಿ ನೋಡೋಣ" ಎಂದರು.

ಮೇಡಂಗೂ ಗೊತ್ತಿರಲಿಲ್ಲ. ಆದರೆ ಅವರೂ ಟೀಚರೇ. "ಅಯ್ಯೋ, ಇಷ್ಟು ಸುಲಭದ್ದಾ? ಪಕ್ಷಿ ವಿಷಯ ಅಲ್ವಾ, ಸೈನ್ಸ್ ಮೇಷ್ಟ್ರನ್ನ ಟೆಸ್ಟ್ ಮಾಡಿ."

ಸೈನ್ಸ್ ಮೇಷ್ಟ್ರು ಗಡ್ಡ ಕೆರೆದುಕೊಂಡರು. "ಓಡೋದು ಇದೆಯಲ್ಲ, ಡ್ರಿಲ್ ಮೇಷ್ಟ್ರ ಡಿಪಾರ್ಟ್‌ಮೆಂಟು."

ಮೈದಾನದ ಆ ತುದಿಯಲ್ಲಿ ಡ್ರಿಲ್ ಮೇಷ್ಟ್ರು ಸೀಟಿ ತೆಗೆದು, "ಅದೊಂದು ಆಟ ಕಣ್ರೀ. ರೂಲ್ಸು ಲೈಬ್ರರೀಲಿರತ್ತೆ" ಎಂದು ಧೈರ್ಯವಾಗಿ ಹೇಳಿದರು.

ಲೈಬ್ರರಿಗೆ ಬೀಗ. ಬೀಗದ ಕೈ ಗಣಿತದ ಮೇಡಂ ಬ್ಯಾಗಿನಲ್ಲಿ. ಮತ್ತೆ ಮೆಟ್ಟಿಲು ಹತ್ತಿ, ಇಳಿದು, ಬಾಗಿಲು ತೆರೆದು ಇಂಗ್ಲಿಷ್ ನಿಘಂಟು ಬಿಡಿಸಿದರೆ ಅದು 'ವಿ' ಅಕ್ಷರಕ್ಕೇ ಮುಗಿದಿತ್ತು. 'ಡಬ್ಲ್ಯೂ'ದಿಂದ ಮುಂದಿನದನ್ನು ಗೆದ್ದಲು ಓದಿ ಮುಗಿಸಿತ್ತು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಕ್ಲಾಸಿನ ಕೊನೆಯ ಬೆಂಚಿನಲ್ಲಿ ಇಸ್ತ್ರಿ ಮಾಡಿದ ಅಂಗಿಯ ಒಬ್ಬರು ನೋಟ್‌ಬುಕ್ ಬಿಡಿಸಿಕೊಂಡು ಕೂತಿದ್ದರು. ಮೇಷ್ಟ್ರಿಗೆ ಸುಳ್ಳು ಹೇಳಲು ಉಸಿರೇ ಉಳಿದಿರಲಿಲ್ಲ.

"ಮಕ್ಕಳೇ, ಇದರ ಅರ್ಥ ನನಗೆ ಗೊತ್ತಿಲ್ಲ. ಬೆಳಗ್ಗೆಯಿಂದ ಇಡೀ ಶಾಲೆ ಓಡಾಡಿ ಹುಡುಕ್ದೆ. ಏನೂ ಸಿಗ್ಲಿಲ್ಲ, ಕಾಲು ನೋವು ಬಂದದ್ದೇ ಲಾಭ."

ಮುಂದಿನ ಬೆಂಚಿನ ಹುಡುಗಿ ಎದ್ದಳು. "ಅದೇ ಸಾರ್ ಅರ್ಥ! ಸಿಗದೇ ಇರೋದರ ಹಿಂದೆ ಸುಮ್ನೆ ಓಡೋದು. ನಮ್ಮಕ್ಕ ಹೇಳ್ಕೊಟ್ಟಿದ್ಳು."

ಕ್ಲಾಸು ಗೊಳ್ಳೆಂದಿತು. ತಮ್ಮ ಪೆದ್ದುತನಕ್ಕೆ ಮೇಷ್ಟ್ರಿಗೂ ನಗು ತಡೆಯಲಾಗಲಿಲ್ಲ. ಬೆಳಗಿನ ತಿರುಗಾಟವನ್ನು ಡ್ರಿಲ್ ಮೇಷ್ಟ್ರ ಸೀಟಿಯ ಸಮೇತ ಅಭಿನಯಿಸಿ, ಅದನ್ನೇ ಸ್ವಂತ ವಾಕ್ಯ ಮಾಡಿ ಬೋರ್ಡಿನ ಮೇಲೆ ಬರೆದರು. ಕೊನೆಯ ಬೆಂಚಿನ ಇಸ್ತ್ರಿ ಅಂಗಿಯವರು ಎಲ್ಲವನ್ನೂ ಬರೆದುಕೊಂಡು ಚಪ್ಪಾಳೆ ತಟ್ಟಿದರು. ಆರು ವರ್ಷದಲ್ಲಿ ಇಷ್ಟು ಚೆನ್ನಾಗಿ ಪಾಠ ಮಾಡಿದ್ದು ಇದೇ ಮೊದಲು ಎಂದು ಮೇಷ್ಟ್ರಿಗೆ ಎದೆ ತುಂಬಿ ಬಂತು.

ಗಂಟೆ ಹೊಡೆದದ್ದೇ ಅವರ ಬಳಿ ಓಡಿಹೋಗಿ ಕೈಮುಗಿದರು. "ಸಾರ್, ನನ್ನ ಕೆಲಸ ಖಾಯಂ ಮಾಡೋಕೆ ಬರೀತೀರಲ್ವಾ?"

ಅವರು ಕಕ್ಕಾಬಿಕ್ಕಿಯಾದರು. "ನಾನೇನು ಬರೀಲಿ ಸಾರ್? ನಾಳೆಯಿಂದ ನಿಮ್ಮ ಜಾಗಕ್ಕೆ ಖಾಯಂ ಮೇಷ್ಟ್ರು ನಾನೇ. ಹೆಡ್‌ಮಾಸ್ಟರು ಹೇಳ್ಲಿಲ್ವಾ?" ಎಂದು ನೋಟ್‌ಬುಕ್ಕನ್ನು ಜೋಪಾನವಾಗಿ ಬ್ಯಾಗಿಗೆ ಸೇರಿಸಿದರು. "ಆ ಬಾತುಕೋಳಿ ಅರ್ಥ ನನಗೂ ಗೊತ್ತಿರ್ಲಿಲ್ಲ ನೋಡಿ. ತುಂಬಾ ಉಪಕಾರ ಆಯ್ತು."