ಒಂದು ಗೇಣು ಬಿಟ್ಟ ಫರಸಿ

ಭಾನುವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ: ಸೊಲ್ಲಾಪುರದ ವಿಜಾಪುರ ರಸ್ತೆಯ ನಮ್ಮ ಅಂಗಳ. ಹಾಜರಿದ್ದವರು: ನಾನು, ನನ್ನ ಹೆಂಡತಿ, ಫರಸಿ ಕಲ್ಲು ಹಾಸಲು ಬಂದ ಗೌಂಡಿ. ಇನ್ನೊಬ್ಬನೂ ಇದ್ದ. ಆದರೆ ನೆಲದ ಮೇಲೆ ಬೋರಲು ಮಲಗಿದವನನ್ನು ಹಾಜರಿ ಎಂದು ಬರೆಯುವುದು ಹೇಗೆ? ಮೂವತ್ತು ವರ್ಷ ಶಾಲೆ ನಡೆಸಿದ ನನಗೂ ತಿಳಿಯದು!

ಇರುವೆಗಳಿಗಿಂತ ಇರುವೆಗಳ ಮನೆಯ ಬೀಗರನ್ನು ಹೆಚ್ಚು ಬಲ್ಲವನು ಹೀಗೆ ಮಲಗಿದ್ದ ಇವನೊಬ್ಬನೇ. ನಮಗೆ ರಕ್ತಸಂಬಂಧಿಯಲ್ಲ. ಅಕ್ಕಲಕೋಟೆಯಿಂದ ವರ್ಗವಾಗಿ ಬಂದ ಕಾರಕೂನ. ‘ಎರಡ ತಿಂಗಳ ಇರ್ತೀನ್ರಿ ಸರ್’ ಎಂದು ನಮ್ಮ ಮನೆಯ ಮುಂದಿನ ಖೋಲಿ ಬಾಡಿಗೆಗೆ ಹಿಡಿದ. ಆ ಎರಡು ತಿಂಗಳಿಗೆ ಈಗ ಇಪ್ಪತ್ತೆರಡು ವರ್ಷ! ಊಟದ ಹೊತ್ತಿಗೆ ಅಡುಗೆಮನೆಯ ಬಾಗಿಲನ್ನು ಬೆರಳಿನಿಂದ ಎರಡು ಸಲ ತಟ್ಟುತ್ತಾನೆ. ನನ್ನ ಹೆಂಡತಿ ತಿರುಗಿಯೂ ನೋಡದೆ ತಟ್ಟೆ ಕೊಡುತ್ತಾಳೆ.

ಇವನ ಹುಚ್ಚು ಇರುವೆ ಗೂಡಿನಲ್ಲಿ ಬಿಡಾರ ಹೂಡುವ ಒಂದು ಜೀರುಂಡೆ. ಎಳ್ಳುಕಾಳಿನಷ್ಟು ದೇಹ, ಅದಕ್ಕೊಂದು ಎತ್ತಿದ ಬಾಲ. ಬಾಲದ ರಸದಿಂದ ಇರುವೆಗಳ ಸಿಟ್ಟು ಇಳಿಸುತ್ತದಂತೆ. ಮೀಸೆಯಿಂದ ಮುಖ ತಟ್ಟಿದರೆ ಸಾಕು, ಇರುವೆ ತನ್ನ ಬಾಯೊಳಗಿನದನ್ನೇ ಉಣಿಸುತ್ತದಂತೆ!

ಒಮ್ಮೆ ಅಕ್ಕಲಕೋಟೆಗೆ ಸ್ವಾಮಿಗಳ ದರ್ಶನಕ್ಕೆ ಹೋದಾಗ ದಾರಿಯ ಆಲದ ಮರದಡಿ ಗೂಡು ಕಂಡು ಅಲ್ಲೇ ಬೋರಲು ಬಿದ್ದ. ಹಿಂದಿದ್ದ ನಾಲ್ವರು ಅವಸರದಿಂದ ಸಾಷ್ಟಾಂಗ ಹಾಕಿದರು. ಒಬ್ಬ ಅಜ್ಜಿ ಇವನ ಬೆನ್ನಿನ ಮೇಲೆ ಹೂ ಇಟ್ಟು ಹೋದಳು. ಇವನಿಗೆ ತಿಳಿದದ್ದು ಬಸ್ಸಿನಲ್ಲಿ!

ಈಗ ಅಂಗಳಕ್ಕೆ ಬರೋಣ.

‘ಸರ್, ಇವರನ್ನ ಎಬ್ಬಸ್ರಿ. ಸಿಮೆಂಟ ಮಾಲ್ ಕಲಸೀನಿ, ಗಟ್ಟಿ ಆಗ್ತದ’ ಎಂದ ಗೌಂಡಿ.

ಅಂಗಳದ ಮೂಲೆಯ ಇರುವೆ ಗೂಡಿನ ಮುಂದೆ ಮಲಗಿದಲ್ಲಿಂದಲೇ ಇವನು ಗೋಗರೆದ: ‘ಗೂಡಿನ ಬಾಯಿ ಮುಚ್ಚಿದ್ರ ಎಲ್ಲಾ ಸಾಯ್ತಾವ್ರಿ ಸರ್. ಹನ್ನೊಂದು ವರ್ಷ ಹುಡುಕೀನಿ. ಈ ಊರಾಗ ಆ ಹುಳಾ ಸಿಕ್ಕಿದ್ದು ಇದೊಂದ ಗೂಡಿನ್ಯಾಗ.’

‘ಅದು ಇರುವಿ ಮರಿನೂ ತಿಂತದಂತ ನೀನ ಹೇಳಿದ್ದಿ. ಉಂಡ ಮನಿಗೆ ಎರಡು ಬಗಿಯೋ ಪ್ರಾಣಿ! ಹೊರಗಿನಿಂದ ಬಂದು ಠಾಣೆ ಹೂಡಿದವ್ರಿಗೆ ನನ್ನ ಅಂಗಳ ಯಾಕ ಬೇಕು?’ ಎಂದೆ.

ಇವನು ಎದ್ದು ಕುಳಿತ. ಅಂಗಿಯ ಮಣ್ಣನ್ನು ನಿಧಾನವಾಗಿ ಕೊಡವಿಕೊಂಡ. ನಾನು ಹುಳದ ಮಾತಾಡಿದ್ದೆ. ದೇವರಾಣೆ, ಹುಳದ್ದೇ!

ಹೆಂಡತಿ ಕಟ್ಟೆಯ ಮೇಲಿಂದ ಕೇಳಿದಳು: ‘ಏ ತಮ್ಮಾ, ಅದು ತಮ್ಮ ಪೈಕಿ ಅಲ್ಲಂತ ಇರುವಿಗೆ ಗೊತ್ತಾಗಂಗಿಲ್ಲೇನೋ?’

‘ಇಲ್ಲಕ್ಕಾ. ಮೋಸ ಹೋಗ್ತಾವ.’

‘ಏನ್ ಮೋಸಾ! ಗೊತ್ತಿರ್ತದ. ಇಷ್ಟು ದಿನಾ ಉಣಿಸಿದ ಮ್ಯಾಲ ಹೊರಗಿನವ ಅಂತ ಯಾರರೆ ಅಂತಾರೇನು?’

ಉತ್ತರ ಇವನಿಗೆ, ನೋಟ ನನ್ನ ಕಡೆಗೆ.

ಗಡಿಯಾರ ನೋಡಿದೆ. ಕೆಲಸ ಶುರುವಾಗಬೇಕಾದ ವೇಳೆಗಿಂತ ಇಪ್ಪತ್ತು ನಿಮಿಷ ತಡ. ಗೌಂಡಿಗೆ ಹೇಳಿದೆ: ‘ಆ ಮೂಲ್ಯಾಗ ಒಂದು ಗೇಣು ಬಿಡು.’

‘ಚಂದ ಕಾಣಂಗಿಲ್ರಿ ಸರ್.’

‘ಬಿಡು ಅಂದ್ರ ಬಿಡು.’

ಸಂಜೆ ಐದೂವರೆಗೆ ಫರಸಿ ಮುಗಿಯಿತು. ಏಳೂವರೆಗೆ ಅಡುಗೆಮನೆಯ ಬಾಗಿಲ ಮೇಲೆ ಎರಡು ಸಲ ಬೆರಳ ಸಪ್ಪಳ, ಎಂದಿಗಿಂತ ಮೆಲ್ಲಗೆ. ಹೆಂಡತಿ ಪಕ್ಕದ ಮನೆಗೆ ಹೋಗಿದ್ದಳು. ನಾನೇ ಎದ್ದು ಎರಡು ರೊಟ್ಟಿ, ಶೇಂಗಾ ಚಟ್ನಿ ಬಡಿಸಿದ ತಟ್ಟೆಯನ್ನು ಅವನ ಕೈಗೆ ಕೊಟ್ಟೆ. ಆ ದಿನದ ಕೊನೆಯ ಕೆಲಸ ಅದು.