ಪುಟ್ಟಿಯನ್ನು ಕರೆದುಕೊಂಡು ಹೋಗಲು ಬಂದವರು

ಮಹಡಿ ಮನೆಯನ್ನು ಬಾಡಿಗೆಗೆ ಕೊಟ್ಟವರು ನಗುವಿಗಾಗಿ ಬೇರೆಲ್ಲೂ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದು ತಾನಾಗಿಯೇ ಮೆಟ್ಟಿಲಿಳಿದು ಬರುತ್ತಿರುತ್ತದೆ. ಹೊಸಹಳ್ಳಿಯ ನಮ್ಮ ಮನೆಗೆ ಬಚ್ಚಲಲ್ಲಿ ಲವ್ ಬರ್ಡ್ಸ್ ಸಾಕಿದವರು ಬಂದಿದ್ದಾರೆ, ಬಾಗಿಲು ಹಾಕಿಕೊಂಡು ಭಾಷಣ ಅಭ್ಯಾಸ ಮಾಡುವವರು ಬಂದಿದ್ದಾರೆ. ಆದರೆ ಹೋದ ವರ್ಷ ಬೇಸಿಗೆ ಶುರುವಾಗುವಾಗ ಬಂದಿದ್ದ ಆ ಇಟಲಿಯವರನ್ನು ನೆನೆಸಿಕೊಂಡರೆ, ಎಲ್ಲ ನಿಜವಾಗಿ ನಡೆದದ್ದೋ ಮಧ್ಯಾಹ್ನದ ನಿದ್ದೆಯಲ್ಲಿ ಕಂಡದ್ದೋ ಅಂತ ನನಗೆ ಈಗಲೂ ಅನುಮಾನ. ಹೊಂಗೆ ಹೂ ಬಿಟ್ಟಿತ್ತು. ಮೆಟ್ಟಿಲ ತುಂಬ ಹೂ ಉದುರಿ, ಗುಡಿಸಿದಷ್ಟೂ ಮತ್ತೆ ಹಾಸಿಕೊಳ್ಳುತ್ತಿತ್ತು. ಮನೆಗಳ ತಲೆಯ ಮೇಲೆ ಮೆಟ್ರೋ ಸದ್ದಿಲ್ಲದೆ ತೇಲಿಹೋದಂತೆ ಕಾಣುತ್ತಿತ್ತು.

ಅವರನ್ನು ಕರೆತಂದವಳು ನನ್ನ ತಂಗಿಯ ಮಗಳು. ಇಟಾಲಿಯನ್ ಕಲಿತಿದ್ದಾಳೆ. ಇಲ್ಲಿಂದ ಮಕ್ಕಳನ್ನು ದತ್ತು ತೆಗೆದುಕೊಳ್ಳಲು ಬರುವವರ ಜೊತೆ ದುಭಾಷಿಯಾಗಿ ಓಡಾಡುತ್ತಾಳೆ. ಬಂದವರು ಗಂಡ, ಹೆಂಡತಿ, ಅವರ ಒಂಬತ್ತು ವರ್ಷದ ಮಗಳು. ನಮ್ಮೂರಿನ ಒಂದು ಮಕ್ಕಳ ಆಶ್ರಮದಲ್ಲಿದ್ದ ಐದು ವರ್ಷದ ಹುಡುಗಿ ಅವರ ಎರಡನೇ ಮಗಳಾಗುವವಳು. ಕೋರ್ಟು ಕಚೇರಿ ಎಲ್ಲ ಮುಗಿದಿತ್ತು. ಮಗುವಿನ ಪಾಸ್‌ಪೋರ್ಟ್ ಬರುವವರೆಗೆ ಇರಲು ಒಂದು ಮನೆ ಬೇಕಿತ್ತು. "ದೊಡ್ಡಮ್ಮ, ತುಂಬ ಸಾಧು ಜನ" ಅಂದಳು ತಂಗಿಯ ಮಗಳು. ಆ ಮಾತು ಎಷ್ಟು ನಿಜ ಅಂತ ಮಾರನೇ ದಿನವೇ ಗೊತ್ತಾಯಿತು.

ಸ್ವಾಮಿಗಳು

ಮಗುವಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ ಅಂತ ತಿಳಿದ ಮೇಲೆ ಗಂಡ ಹೆಂಡತಿ ಇಬ್ಬರೂ ಅವರೂರಿನಲ್ಲೇ, ರಾತ್ರಿ ಊಟದ ಪಾತ್ರೆ ತೊಳೆದಿಟ್ಟು, ಪುಸ್ತಕ ನೋಡಿ ಕನ್ನಡ ಕಲಿತಿದ್ದರಂತೆ. ಯಾವ ಕಾಲದ ಪುಸ್ತಕವೋ ಏನೋ, ಆಡುಮಾತಿನ ಗಾಳಿಯೂ ಅದಕ್ಕೆ ಸೋಕಿರಲಿಲ್ಲ. ಹೆಂಡತಿಗೆ ಸಂಕೋಚ, ಬಾಯಿ ಬಿಡುತ್ತಿರಲಿಲ್ಲ. ಗಂಡನಿಗೆ ಧೈರ್ಯ ಜಾಸ್ತಿ.

ಬೆಳಗ್ಗೆ ತರಕಾರಿ ಗಾಡಿ ಬಂತು. ಗಾಡಿಯವನು ಬಾಗಲಕೋಟೆ ಕಡೆಯವನು. ಗಂಡ ಆಗಷ್ಟೇ ಸ್ನಾನ ಮಾಡಿ ಕೆಳಗಿಳಿದಿದ್ದರು. ಎದೆಯವರೆಗೆ ಗಡ್ಡ, ಹೆಗಲ ಮೇಲೆ ನಾವು ಕೊಟ್ಟ ಕೇಸರಿ ಬಣ್ಣದ ಟವೆಲ್. ಗಾಡಿಯ ಮುಂದೆ ನಿಂತು ಕೈಮುಗಿದು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು: "ಮಾನ್ಯರೇ, ನನಗೆ ಬೆಂಡೆಕಾಯಿಗಳ ಅವಶ್ಯಕತೆ ಇದೆ. ತಾವು ದಯಪಾಲಿಸುವಿರಾ?"

ಗಾಡಿಯವನು ಮೊದಲು ಕೂಗುತ್ತಿದ್ದ ಮೈಕು ಆರಿಸಿದ. ಆಮೇಲೆ ತಾನೂ ಕೈಮುಗಿದ. ಎಳೆಯ ಬೆಂಡೆಕಾಯಿಗಳನ್ನೇ ಒಂದೊಂದಾಗಿ ಆರಿಸಿ ಚೀಲಕ್ಕೆ ಹಾಕಿ, ಮೇಲೊಂದು ಕಟ್ಟು ಕೊತ್ತಂಬರಿ ಇಟ್ಟು ಕೊಟ್ಟ. ಎಷ್ಟು ಹೇಳಿದರೂ ದುಡ್ಡು ಮುಟ್ಟಲಿಲ್ಲ. ಅವರು ಮೇಲೆ ಹೋಗುವವರೆಗೂ ತಲೆ ತಗ್ಗಿಸಿಕೊಂಡೇ ನಿಂತಿದ್ದು, ನಂತರ ಗೇಟಿನ ಹತ್ತಿರ ಬಂದು ಮೆಲ್ಲಗೆ ನನ್ನನ್ನು ಕೇಳಿದ.

"ಅಮ್ಮಾರ, ಇವ್ರು ಯಾವ ಮಠದ ಸ್ವಾಮಿಗಳ್ರೀ?"

ನನಗೆ ಸಿಕ್ಕ ಕೆಲಸ

ಆಮೇಲೆ ಮಗು ಬಂತು. ಹಸಿರು ಫ್ರಾಕು, ಬಿಗಿಯಾಗಿ ಹೆಣೆದ ಎರಡು ಜಡೆ. ಪುಟ್ಟಿ ಅಂತಲೇ ಎಲ್ಲರೂ ಕರೆದೆವು. ಆಶ್ರಮದಲ್ಲಿ ಇವರ ಫೋಟೋಗಳನ್ನು ಮೊದಲೇ ತೋರಿಸಿ ಇಟ್ಟಿದ್ದರಿಂದ ಅಳಲಿಲ್ಲ. ಆದರೆ ಗೇಟಿನ ಸರಳು ಹಿಡಿದುಕೊಂಡು ನಿಂತವಳು ಬಿಡಲೂ ಇಲ್ಲ. ಅಪ್ಪ ಆಗಬೇಕಾದವರು ಕೊನೆಯ ಮೆಟ್ಟಿಲ ಮೇಲೆ, ಅವಳ ಎತ್ತರಕ್ಕೆ ಸರಿಯಾಗಿ ಕುಳಿತುಕೊಂಡರು. ತಿಂಗಳುಗಟ್ಟಲೆ ಉರು ಹೊಡೆದಿದ್ದ ಮಾತನ್ನು ಕೊನೆಗೂ ಹೇಳಿದರು: "ಪ್ರಿಯ ಪುತ್ರಿಯೇ, ನಿನ್ನ ಆಗಮನದಿಂದ ನಮಗೆ ಅತೀವ ಸಂತೋಷವಾಗಿದೆ. ನೀನು ಹಸಿದಿರುವೆಯಾ?"

ಪುಟ್ಟಿ ಅವರನ್ನು ನೋಡಿದಳು, ನನ್ನನ್ನು ನೋಡಿದಳು. "ಅಜ್ಜಿ, ಅಂಕಲ್ ಏನಂತಿದಾರೆ?"

ನೀನು ಬಂದಿದ್ದು ತುಂಬ ಖುಷಿಯಂತೆ ಕಣೇ, ಹೊಟ್ಟೆ ಹಸೀತಾ ಅಂತ ಕೇಳ್ತಿದಾರೆ ಅಂದೆ. ಅವಳು ಹೂಂ ಅಂತ ತಲೆಯಾಡಿಸಿ, ಸರಳು ಬಿಟ್ಟು ಒಳಗೆ ಬಂದಳು. ಹಿಂದೆ ನಿಂತಿದ್ದ ನಮ್ಮನೆಯವರು, ನಿನಗೂ ದುಭಾಷಿ ಕೆಲಸ ಸಿಕ್ತಲ್ಲ ಅಂದರು. ಕನ್ನಡದಿಂದ ಕನ್ನಡಕ್ಕೆ.

ವಯಸ್ಸಾದವರು

ಒಂಬತ್ತು ವರ್ಷದವಳು ಆ ಸಂಜೆಯೇ ಅಕ್ಕ ಆದಳು. ಗಂಡ ಹೆಂಡತಿ ಮಾತ್ರ ಅಂಕಲ್ ಆಂಟಿ ಆಗಿಯೇ ಉಳಿದರು. ಆಶ್ರಮಕ್ಕೆ ಚಾಕೊಲೇಟ್ ಹಿಡಿದುಕೊಂಡು ಬರುವವರೆಲ್ಲ ಅಂಕಲ್, ಆಂಟಿಯೇ. ಪುಟ್ಟಿಗೆ ಅದೇ ರೂಢಿ. ಅಮ್ಮ ಅನ್ನು ಅಂತ ನಾನು ಹೇಳಿಕೊಡಲಾ ಅಂತ ತಂಗಿಯ ಮಗಳ ಮೂಲಕ ಕೇಳಿಸಿದೆ. ಬೇಡ, ಅದು ಯಾವಾಗ ಬರುತ್ತೋ ಆವಾಗಲೇ ಬರಲಿ ಅಂತ ಹೆಂಡತಿ ಹೇಳಿ ಕಳಿಸಿದರು. ಆದರೆ ಆಂಟಿ ಅಂತ ಕರೆದಾಗಲೆಲ್ಲ ನಗುನಗುತ್ತಾ ತಿರುಗಿ, ಬೇಕಾದ್ದು ಕೊಟ್ಟು, ಆಮೇಲೆ ಒಂದು ಗಳಿಗೆ ಹೊಂಗೆ ಮರದ ಕಡೆ ಸುಮ್ಮನೆ ನೋಡುತ್ತಿದ್ದರು.

ಅಕ್ಕನ ಕೂದಲು ಮುಸುಕಿನ ಜೋಳದ ರೇಷ್ಮೆ ಇರುತ್ತಲ್ಲ, ಹಾಗೆ. ಬಿಸಿಲಿಗೆ ಪೂರ್ತಿ ಬಿಳಿ ಕಾಣುತ್ತಿತ್ತು. ಒಂದು ದಿನ ನಾನು ಕುರ್ಚಿಯಲ್ಲಿ ಕುಳಿತು, ಅವಳನ್ನು ಕೆಳಗೆ ಕೂರಿಸಿಕೊಂಡು ತಲೆ ಬಾಚುತ್ತಿದ್ದೆ. ಪುಟ್ಟಿ ಆ ಕೂದಲನ್ನು ಮುಟ್ಟಿ ಮುಟ್ಟಿ ನೋಡಿದಳು. ನನ್ನ ತಲೆಯನ್ನೂ ನೋಡಿದಳು. ಹಿಂದಿನ ಭಾನುವಾರವಷ್ಟೇ ಬಣ್ಣ ಹಚ್ಚಿದ್ದೆ, ಕಾಡಿಗೆಯ ಹಾಗೆ ಕಪ್ಪಗಿತ್ತು. ಅವಳ ಮುಖ ಸಣ್ಣಗಾಯಿತು.

"ಅಜ್ಜಿ, ನೀನು ಕೆಳಗೆ ಕೂತ್ಕೋ" ಅಂದಳು. "ಪಾಪ, ಅಕ್ಕಂಗೆ ವಯಸ್ಸಾಗಿದೆ."

ಶಾವಿಗೆ

ಒಂದು ಸಂಜೆ ಗಂಡ ಅವರೂರಿನ ಅಡುಗೆ ಮಾಡಿ ನಮ್ಮನ್ನೂ ಕರೆದರು. ಬೆಳಗ್ಗೆಯಿಂದ ಟೊಮೆಟೊ ಕುದಿಯುತ್ತಲೇ ಇತ್ತು. ಉದ್ದುದ್ದ ಸ್ಪಗೆಟ್ಟಿ ತಟ್ಟೆಗೆ ಬಿತ್ತು. ಶಾವಿಗೆ ಅಂತ ಪುಟ್ಟಿಗೆ ಖುಷಿಯೋ ಖುಷಿ. ಓಡಿಹೋಗಿ ಕೆಳಗಿನ ನಮ್ಮ ಫ್ರಿಜ್ಜಿನಿಂದ ಮೊಸರಿನ ಬಟ್ಟಲು ತಂದು ತನ್ನ ತಟ್ಟೆಗೆ ಸುರಿದುಕೊಂಡಳು. ಆಮೇಲೆ ಪ್ರೀತಿ ಉಕ್ಕಿ ಅಂಕಲ್ ತಟ್ಟೆಗೂ ಸುರಿದಳು.

ಅವರು ತಟ್ಟೆಯನ್ನು ನೋಡಿದರು. ಪುಟ್ಟಿ ಅವರನ್ನೇ ನೋಡುತ್ತಾ ಕಾಯುತ್ತಿದ್ದಳು. ಫೋರ್ಕ್ ಪಕ್ಕಕ್ಕಿಟ್ಟು, ಅವಳ ಹಾಗೆಯೇ ಕೈಯಲ್ಲಿ ಕಲಸಿ, ಒಂದೆಳೆ ಬಿಡದೆ ತಿಂದು ಮುಗಿಸಿದರು. ಕೈ ತೊಳೆಯುವಾಗ ನನ್ನ ಹತ್ತಿರ ಬಂದು ಮೆಲುದನಿಯಲ್ಲಿ ಹೇಳಿದ್ದು ಇಷ್ಟು: "ತಾವು ಈ ವಿಷಯವನ್ನು ನನ್ನ ಮಾತೆಯವರಿಗೆ ಎಂದಿಗೂ ತಿಳಿಸಬಾರದು."

ಮಕ್ಕಳು

ಪುಟ್ಟಿಗೆ ಮಧ್ಯಾಹ್ನ ನಿದ್ದೆ ಬರುತ್ತಿರಲಿಲ್ಲ. ಹೊಸ ಹಾಸಿಗೆ, ಹೊಸ ಗೊಂಬೆ, ಯಾವುದರಿಂದಲೂ ಪ್ರಯೋಜನವಾಗಲಿಲ್ಲ. ಆಶ್ರಮದಲ್ಲಿ ಎಲ್ಲರೂ ಸಾಲಾಗಿ ಚಾಪೆಯ ಮೇಲೆ ಮಲಗುತ್ತಿದ್ದರಂತೆ, ಆಯಾ ಒಬ್ಬರು ಸಾಲಿನುದ್ದಕ್ಕೂ ತಟ್ಟುತ್ತಾ ಹೋಗುತ್ತಿದ್ದರಂತೆ. ಸರಿ, ಸಾಲು ಮಾಡೋಣ ಅಂತಾಯಿತು. ನಮ್ಮ ಹಾಲ್‌ನಲ್ಲಿ ಚಾಪೆ ಹಾಸಿ ಅಕ್ಕ, ಅಕ್ಕನ ಪಕ್ಕ ಅವಳ ಅಮ್ಮ, ಆಮೇಲೆ ಗಡ್ಡದವರು, ನಮ್ಮನೆಯವರು, ಕೊನೆಗೆ ನಾನು, ಎಲ್ಲರೂ ಮಲಗಿದೆವು. ಮಧ್ಯೆ ಪುಟ್ಟಿಗೆ ಜಾಗ ಬಿಟ್ಟಿದ್ದೆವು. ಆದರೆ ಅವಳು ಮಲಗಲಿಲ್ಲ. ಎಲ್ಲರೂ ಕಣ್ಣು ಮುಚ್ಚಬೇಕು ಅಂತ ಅಪ್ಪಣೆ ಮಾಡಿ, ಒಬ್ಬೊಬ್ಬರನ್ನೇ ತಟ್ಟುತ್ತಾ ಬಂದಳು.

ಕಿಟಕಿಯಿಂದ ಹೊಂಗೆಯ ನೆರಳು ಬಂದು ನೆಲದ ಮೇಲೆ ಅಲುಗಾಡುತ್ತಿತ್ತು. ಫ್ಯಾನಿನ ಸದ್ದು, ಎಲ್ಲೋ ಕುಕ್ಕರ್ ಕೂಗಿದ್ದು, ಆ ಪುಟ್ಟ ಕೈ. ನನ್ನನ್ನು ಯಾರಾದರೂ ತಟ್ಟಿ ಮಲಗಿಸಿ ಎಷ್ಟು ಕಾಲವಾಗಿತ್ತೋ. ನೀರಿನೊಳಗೆ ಇಳಿದುಹೋಗುವ ಹಾಗೆ ನಿದ್ದೆ ಬಂತು. ಎಲ್ಲರಿಗೂ ಬಂತು.

ಆಗ ಎದುರು ಮನೆಯಾಕೆ ಹೆಪ್ಪಿಗೆ ಮೊಸರು ಕೇಳಲು ಬಂದಿದ್ದಾರೆ. ಬಾಗಿಲಲ್ಲಿ ಪುಟ್ಟಿ, ತುಟಿಯ ಮೇಲೆ ಬೆರಳು. ಒಳಗೆ ಗೊರಕೆ ಹೊಡೆಯುತ್ತಿದ್ದದ್ದು ನಮ್ಮನೆಯವರು, ಬ್ಯಾಂಕಿನಿಂದ ರಿಟೈರ್ ಆದವರು.

"ಆಮೇಲೆ ಬನ್ನಿ ಆಂಟಿ" ಅಂದಳಂತೆ. "ಈಗಷ್ಟೇ ಮಕ್ಕಳು ಮಲಗಿದಾರೆ."

ಲೇಡೀಸ್ ಸೀಟು

ಪಾಸ್‌ಪೋರ್ಟ್ ಬಂತು. ವಿಮಾನದ ಟಿಕೆಟ್ಟೂ ಆಯಿತು. ಹೋಗುವ ಮುಂಚೆ ಪುಟ್ಟಿಗೆ ಒಂದು ರೇಷ್ಮೆ ಲಂಗ ಕೊಡಿಸಬೇಕು ಅಂತ ನನಗೆ ಆಸೆ. ರಾಜಾಜಿನಗರಕ್ಕೆ ಹೊರಟೆವು, ನಾನು, ಪುಟ್ಟಿ, ಪುಟ್ಟಿಯ ಇಟಲಿ ಆಂಟಿ. ಆಟೋ ಬೇಡ, ಬಸ್ಸೇ ಬೇಕು ಅಂತ ಪುಟ್ಟಿ ಹಟ ಹಿಡಿದಳು.

ಬಸ್ಸು ತುಂಬಿತ್ತು. ನಾವು ಕಂಬಿ ಹಿಡಿದು ನಿಂತೆವು. ಪಕ್ಕದ ಲೇಡೀಸ್ ಸೀಟಿನಲ್ಲಿ ಒಬ್ಬರು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕುಳಿತಿದ್ದರು. ಗಂಡಸರು ಲೇಡೀಸ್ ಸೀಟು ಬಿಡ್ಬೇಕು ಅಂತ ಕಂಡಕ್ಟರ್ ಆಗಷ್ಟೇ ಕೂಗಿ ಮುಂದೆ ಹೋಗಿದ್ದರು, ಇವರಿಗೆ ಕೇಳಿಸಿರಲಿಲ್ಲ. ಆದರೆ ಪುಟ್ಟಿಗೆ ಕೇಳಿಸಿತ್ತು. ಹೋಗಿ ಅವರ ಮಂಡಿ ತಟ್ಟಿದಳು.

"ಅಂಕಲ್, ಏಳಿ. ಇದು ಲೇಡೀಸ್ ಸೀಟು. ನಮ್ಮಮ್ಮ ನಿಂತಿದಾರೆ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಪಾಪ, ಅವರು ನಾಚಿಕೊಂಡು ದಡಬಡ ಎದ್ದರು. ಎದ್ದವರು ಅಮ್ಮನನ್ನು ಹುಡುಕಿದರು. ಅವರ ಕಣ್ಣು ಆಕೆಯ ಮೇಲೆ ನಿಲ್ಲದೆ ಹಾದುಹೋಗಿ, ಹಿಂದೆ ನಿಂತಿದ್ದ ಹಳದಿ ಸೀರೆಯವರ ಹತ್ತಿರ ನಿಂತಿತು. ಬನ್ನಿ ಮೇಡಂ ಅಂದರು. ಅವರಲ್ಲ ಅಂದಳು ಪುಟ್ಟಿ. ನನ್ನನ್ನು ಕರೆದರು. ಅದು ಅಜ್ಜಿ ಅಂದಳು. ಚೂಡಿದಾರದ ಒಬ್ಬರನ್ನು ಕೇಳಿದರು. ಆ ಹುಡುಗಿಗೆ ಇನ್ನೂ ಮದುವೆಯೇ ಆಗಿರಲಿಲ್ಲ. ಇಷ್ಟು ಹೊತ್ತಿಗೆ ಅರ್ಧ ಬಸ್ಸು ಪುಟ್ಟಿಯ ಅಮ್ಮನನ್ನು ಹುಡುಕುತ್ತಿತ್ತು. ಕಂಡಕ್ಟರ್ ಬಸ್ ನಿಲ್ಲಿಸಲು ಬಾಯಿಯ ಹತ್ತಿರ ವಿಷಲ್ ಹಿಡಿದುಕೊಂಡು, ನಿಮ್ಮಮ್ಮ ಬಸ್ ಹತ್ತಿದ್ರಾ ಪಾಪು, ಸರಿಯಾಗಿ ನೋಡು ಅಂದರು.

ಪುಟ್ಟಿಗೆ ಸಿಟ್ಟು ನೆತ್ತಿಗೇರಿತು. ಬಂದು ಆಕೆಯ ಕುರ್ತಾವನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು.

"ಇವರು. ಇಷ್ಟು ಉದ್ದ ಇದಾರೆ, ಕಾಣಲ್ವಾ ನಿಮಗೆ? ಇವರೇ ನಮ್ಮಮ್ಮ."

ಆಕೆಗೆ ಆ ಒಂದು ಪದ ಸಾಕಿತ್ತು. ಸೀಟಿನ ಕಡೆ ನೋಡಲೂ ಇಲ್ಲ. ಓಡುವ ಬಸ್ಸಿನ ನೆಲದ ಮೇಲೆ ಕುಸಿದು ಕುಳಿತು, ಪುಟ್ಟಿಯನ್ನು ತಬ್ಬಿಕೊಂಡು ಅತ್ತರು. ನಾನೂ ಅತ್ತೆ. ವಿಷಯ ಏನಂತ ನಾನು ಅಳುತ್ತಲೇ ಹೇಳಿದೆ, ಹಳದಿ ಸೀರೆಯವರೂ ಅತ್ತರು. ಸೀಟು ಬಿಟ್ಟವರು ಇಯರ್‌ಫೋನ್ ತೆಗೆದು ಕಣ್ಣೊರೆಸಿಕೊಂಡರು. ಕಂಡಕ್ಟರ್ ಟಿಕೆಟ್ ಕೊಡುವುದನ್ನೇ ಮರೆತು ನಿಂತಿದ್ದರು.

ಮುಂದಿನ ಸ್ಟಾಪಿನಲ್ಲಿ ಸೊಪ್ಪಿನ ಚೀಲ ಹಿಡಿದುಕೊಂಡು ಒಬ್ಬ ಹೆಂಗಸು ಹತ್ತಿದರು. ನೋಡಿದರೆ ಮಧ್ಯೆ ಒಂದು ಖಾಲಿ ಸೀಟು, ಅದರ ಸುತ್ತ ಎಲ್ಲರೂ ಅಳುತ್ತಾ ನಿಂತಿದ್ದಾರೆ, ಅದರಲ್ಲಿ ಮಾತ್ರ ಒಬ್ಬರೂ ಕೂತಿಲ್ಲ. ಹತ್ತಿರ ಬಂದು ಬಗ್ಗಿ, ಅನುಮಾನದಿಂದ ಸೀಟನ್ನು ಅಂಗೈಯಲ್ಲಿ ಒತ್ತಿ ನೋಡಿದರು.

"ಯಾಕೆ, ಒದ್ದೆ ಇದ್ಯಾ?" ಅಂದರು.